ಮಾಮನನ್ನು ಕೆಡವಿದ ನಾಲ್ಕು ಔಷಧ

ಮಾಮ ಆ ಒಂದೇ ನಗೆಮಾತನ್ನು ಹದಿನಾರು ವರ್ಷ ಹೇಳಿದ. ಮದುವೆಮನೆಯಲ್ಲಿ ಹೇಳಿದ, ಬಸ್‌ ಸ್ಟ್ಯಾಂಡಿನಲ್ಲಿ ಹೇಳಿದ, ಒಮ್ಮೆ ಯಾರನ್ನೋ ಮಣ್ಣು ಮಾಡಿ ತಿರುಗಿ ಬರುವ ದಾರಿಯಲ್ಲಿಯೂ ದನಿ ತಗ್ಗಿಸಿ ಹೇಳಿದ. ಹೇಳಿದಾಗಲೆಲ್ಲ ಜನ ನಕ್ಕರು. ನಾನು ಅಲ್ಲೇ ಇದ್ದರೆ ನಾನೂ ನಗಬೇಕಾಗುತ್ತಿತ್ತು. ನಗದಿದ್ದರೆ "ಅಕಿಗೆ ಸಿಟ್ಟ ಬಂತ ನೋಡ್ರಿ" ಎಂದು ಇನ್ನೊಂದು ಸುತ್ತು ನಗು.

ಮಾಮ ಎಂದರೆ ನನ್ನ ಸೋದರಮಾವನ ಹಿರಿಯ ಮಗ. ನಮ್ಮ ಕಡೆ ವಯಸ್ಸಿನಲ್ಲಿ ದೊಡ್ಡವನಾದ ಸೋದರಮಾವನ ಮಗನನ್ನು ಹಾಗೇ ಕರೆಯುತ್ತೇವೆ. ಇವಳು ಅವನಿಗೇ ಎಂದು ಹಿರಿಯರು ತೊಟ್ಟಿಲಲ್ಲಿದ್ದಾಗಿನಿಂದ ಅರ್ಧ ಚೇಷ್ಟೆ, ಅರ್ಧ ಖರೆ ಆಡಿಕೊಳ್ಳುತ್ತಾರೆ. ನನಗೆ ಇಪ್ಪತ್ತೆರಡಾದಾಗ ಆ ಮಾತು ಪೂರ್ತಿ ಖರೆಯಾಗುವ ಹಂತಕ್ಕೆ ಬಂತು. ಬೀಳಗಿ ಕಡೆಯ ಮಾವನ ಮನೆಯ ಪಡಸಾಲೆಯಲ್ಲಿ ಹಿರಿಯರು ಕೂತರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಮಾಮ ಜಮಖಂಡಿಯಲ್ಲಿ ನೌಕರಿ ಹಿಡಿದು ಮೂರು ತಿಂಗಳಾಗಿತ್ತು, ಮೈಮೇಲೆ ಇಸ್ತ್ರಿ ಮುರಿಯದ ಅಂಗಿ. ಏನಪ್ಪಾ, ಒಪ್ಪಿಗಿ ಐತೇನು ಎಂದು ಕೇಳಿದರು. ಅವನು ಅಂದ:

"ಒಲ್ಲೆ. ಅಕಿ ಮೈಯಾಗ ಕುರಿ ವಾಸನಿ ಬರತೈತಿ."

ಪಡಸಾಲೆಗೆ ಪಡಸಾಲೆಯೇ ನಕ್ಕಿತು. ಏನು ಮಾಡಬೇಕು ತಿಳಿಯದೆ ನನ್ನ ಅವ್ವನೂ ನಕ್ಕಳು.

ಕುರಿ ಕಾಯ್ದದ್ದು ಹೌದು. ನಾವು ಬೀರಪ್ಪನ ಒಕ್ಕಲು. ಸಾಲಿ ಸೂಟಿ ಬಿಟ್ಟ ಮರುದಿನವೇ ನನ್ನನ್ನು ಆಯಿಯ ಹತ್ತಿರ ಬಿಡುತ್ತಿದ್ದರು. ಆಯಿ ನನ್ನ ಅವ್ವನ ಅವ್ವ, ಮಾಮನ ಅಪ್ಪನಿಗೂ ಅವ್ವ. ಅಂದರೆ ನಮ್ಮಿಬ್ಬರಿಗೂ ಒಬ್ಬಳೇ ಅಜ್ಜಿ. ಆಕೆಯ ಬೆನ್ನಿಗೆ ಎರಡೆರಡು ತಿಂಗಳು ಅಡವಿ ಅಲೆದಿದ್ದೇನೆ. ನಾನು ಇವತ್ತು ಆಡುವ ಮಾತೆಲ್ಲ ಆಕೆಯ ಬಾಯಿಂದ ಬಿದ್ದದ್ದನ್ನು ಆರಿಸಿಕೊಂಡದ್ದು. ಆದರೆ ಆ ಕುರಿ ಯಾರವು? ಮಾಮನ ಮನೆಯವು. ಅವನು ಹಾಸ್ಟೆಲಿನಲ್ಲಿ ಕೂತು ಓದುವಾಗ ಅವನ ಪಾಲಿನ ಕುರಿಯ ಹಿಂದೆ ಬಿಸಿಲು ತಿಂದವಳು ನಾನು. ವಾಸನೆ ಬಂದಿದ್ದರೆ ಅದು ಅವನದೇ ಮನೆಯ ವಾಸನೆ.

ಒಲ್ಲೆ ಅಂದದ್ದಕ್ಕೆ ನನಗೆ ಸಿಟ್ಟಿಲ್ಲ. ನನಗೆ ಅವನಿಗಿಂತ ಛಲೋ ಗಂಡ ಸಿಕ್ಕ. ತೇರದಾಳದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರ, ಮನೆ ಬನಹಟ್ಟಿಯಲ್ಲಿ. ನಾನು ರಬಕವಿಯ ದವಾಖಾನೆಯೊಂದರಲ್ಲಿ ಔಷಧ ಕೊಡುವ ಕಿಟಕಿಯ ಹಿಂದೆ ಕೂಡುತ್ತೇನೆ. ಯಾವುದಕ್ಕೂ ಕಮ್ಮಿ ಇಲ್ಲ. ನನ್ನ ಸಿಟ್ಟು ಆ ನಗುವಿನ ಮೇಲೆ. ಒಲ್ಲೆ ಎನ್ನುವುದನ್ನು ಒಂದು ಸಲ ಹೇಳಿ ಮುಗಿಸಬಹುದಿತ್ತು. ಅವನು ಅದಕ್ಕೆ ವರ್ಷವರ್ಷ ಒಗ್ಗರಣೆ ಹಾಕಿದ. "ಇಕಿನ್ನ ಮಾಡ್ಕೊಂಡಿದ್ರ ಹಾಸಿಗಿ ಸುತ್ತ ಕುರಿ ಬಲಿ ಕಟಗೊಂಡ ಮಲಗಬೇಕಾಗತಿತ್ರಿ" ಎನ್ನುವುದು ಆಮೇಲೆ ಸೇರಿದ್ದು. ಬಲಿ ಎಂದರೆ ರಾತ್ರಿ ಕುರಿಗಳ ಸುತ್ತ ಕಟ್ಟುವ ಬಲೆ. ಅವನ ಹೆಂಡತಿ, ಮಹಾಲಿಂಗಪುರದ ಕಡೆಯ ಹೆಣ್ಣು, ಆ ಹೊತ್ತಿಗೆ ಸರಿಯಾಗಿ ತಲೆ ತಗ್ಗಿಸಿ ಒಳಗೆ ಹೋಗುತ್ತಿದ್ದಳು. ಅವಳ ಮನಸ್ಸಿನಲ್ಲಿ ಏನಿತ್ತು ಎಂದು ನಾನು ಕೇಳಿದವಳಲ್ಲ.

ಎರಡು ವರ್ಷದ ಹಿಂದೆ ಮುಧೋಳದ ಬಸ್‌ ಸ್ಟ್ಯಾಂಡಿನಲ್ಲಿ ಬಸ್ಸು ಇಳಿಯುವಾಗ ನನ್ನ ಎಡಪಾದ ಹೊರಳಿ, ಎಲುಬು ಸೀಳಿತು. ಆರು ವಾರ ಪ್ಲಾಸ್ಟರು. ಪಕ್ಕದ ಮನೆಯ ಮಗ್ಗಗಳ ಖಟಾಖಟ ಕೇಳುತ್ತ ಬಿದ್ದುಕೊಂಡವಳು ಮೂರನೆಯ ದಿನಕ್ಕೇ ಮನೆಯವರ ತಲೆ ತಿನ್ನತೊಡಗಿದೆ. ನನ್ನ ಗಂಡ ತಮ್ಮ ವಿಡಿಯೊ ಗೇಮ್ ಆಟದ ಪೆಟ್ಟಿಗೆಯನ್ನು ತಂದು ಟಿವಿಗೆ ಹಚ್ಚಿ, ರಿಮೋಟಿನಂಥದ್ದೊಂದನ್ನು ನನ್ನ ಕೈಗಿತ್ತು, "ತಗೋ, ನನ್ನ ಬಿಟ್ಟ ಇವರನ್ನ ಕಡಿ" ಎಂದು ಸಾಲಿಗೆ ಹೋದರು.

ಕಡಿಯುವ ಆಟವೇ ಅದು. ಒಬ್ಬ ಖಡ್ಗದವನು ಹಾಳುಬಿದ್ದ ಕೋಟೆಗಳಲ್ಲಿ ಅಲೆಯುತ್ತಾನೆ, ರಕ್ಕಸರು ಬರುತ್ತಾರೆ, ಹೊಡೆದಾಟ. ಮೇಲ್ಗಡೆ ಕೆಂಪು ಪಟ್ಟಿ ಇರುತ್ತದೆ, ಅದೇ ಅವನ ಜೀವ. ಏಟು ಬಿದ್ದಷ್ಟೂ ಅದು ಕುಗ್ಗುತ್ತದೆ. ಅದನ್ನು ತಿರುಗಿ ತುಂಬಿಕೊಳ್ಳಲು ಔಷಧ ಉಂಟು. ಆದರೆ ಸೊಂಟದ ಪಟ್ಟಿಯಲ್ಲಿ ನಾಲ್ಕೇ ಗೂಡು. ಕಾಳಗಕ್ಕೆ ಇಳಿಯುವ ಮುಂಚೆ ಯಾವ ನಾಲ್ಕು ಎಂದು ಆರಿಸಿಕೊಳ್ಳಬೇಕು. ಔಷಧಗಳಿಗೆ ಇಂಗ್ಲಿಷಿನಲ್ಲಿ ಉದ್ದುದ್ದ ಹೆಸರಿದ್ದವು. ನಾನು ನನ್ನ ಕಿಟಕಿಯ ಹೆಸರನ್ನೇ ಇಟ್ಟೆ. ಒಂದು ದೊಡ್ಡ ಕುಡಿಕೆ. ಜೀವ ಪೂರಾ ತುಂಬುತ್ತದೆ, ಆದರೆ ಒಂದು, ಎರಡು, ಮೂರು ಎಂದು ಎಣಿಸುವಷ್ಟು ಹೊತ್ತು ನಿಂತು ಗಟಗಟ ಕುಡಿಯಬೇಕು. ಅದು ಸಲಾಯಿನ್. ಒಂದು ಬೇರು, ಅಗಿದರೆ ಮೆಲ್ಲಗೆ ಹನಿಹನಿಯಾಗಿ ಜೀವ ಏರುತ್ತದೆ, ಅದು ಟಾನಿಕ್. ಜೇನಿನ ಉಂಡೆ ಥಟ್ಟನೆ ಕಾಲುಭಾಗ ತುಂಬುತ್ತದೆ, ಅದು ಸೂಜಿ. ಇನ್ನೊಂದು ಒಣಗಿದ ಸಣ್ಣ ಹಣ್ಣು. ತುಂಬುವುದು ಚೂರೇ ಚೂರು, ಆದರೆ ಓಡುತ್ತ ಓಡುತ್ತ ಬಾಯಿಗೆ ಎಸೆದುಕೊಳ್ಳಬಹುದು. ಅದನ್ನು ಕಂಡದ್ದೇ ನನಗೆ ನೆನಪಾದದ್ದು ಅಡವಿಯ ಬಾರಿಹಣ್ಣು, ಅಂದರೆ ಬೋರೆಹಣ್ಣು. ಹಾಗೇ ಕರೆದೆ.

ದವಾಖಾನೆಯವಳ ಬುದ್ಧಿ ನೋಡಿ. ಎಲ್ಲಕ್ಕಿಂತ ಜೋರಿನದು ಯಾವುದು? ಸಲಾಯಿನ್. ನಾಲ್ಕೂ ಗೂಡಿಗೆ ಸಲಾಯಿನ್ ತುಂಬಿಕೊಂಡು ರಣಕ್ಕೆ ಹೋದೆ.

ಎರಡನೆಯ ವಾರ ಮಾಮ ನನ್ನನ್ನು ಮಾತಾಡಿಸಿಕೊಂಡು ಹೋಗಲು ಬಂದ. ಕೈಯಲ್ಲಿ ಬಾಳೆಹಣ್ಣು, ಬಿಸ್ಕಿಟು. ಕಾಲು ನೋಡುವ ಮುಂಚೆ ಟಿವಿ ನೋಡಿದ.

"ಅಲಲಲಾ! ಕುರಿ ಬಡಿಗಿ ಬಿಟ್ಟ ಖಡ್ಗ ಹಿಡದಾಳಲೇ! ಈ ಆಟ ನಾ ಎರಡ ವರ್ಷದಿಂದ ಆಡಾಕತ್ತೇನಿ. ಬಾ, ಒಂದ ಕೈ ನೋಡೂಣು."

ಆ ಆಟದಲ್ಲಿ ಇಬ್ಬರು ಎದುರುಬದುರು ಕಾದುವ ಒಂದು ಕಣವೂ ಇದೆ. ಇಳಿದೆವು. ಅವನದು ಒಂದೇ ಏಟು ಬಿತ್ತು, ನನ್ನ ಅರ್ಧ ಜೀವ ಹೋಯಿತು. ನಾನು ಸಲಾಯಿನ್ ಎತ್ತಿದೆ. ಕುಡಿಕೆ ತುಟಿಗೆ ತಾಗಿದ್ದೇ ತಡ ಅವನು ನುಗ್ಗಿ ಬಂದು ಕೆಡವಿದ. ಚಹಾ ಆರುವಷ್ಟು ಹೊತ್ತೂ ಆಗಿರಲಿಲ್ಲ. ನನ್ನ ಪಟ್ಟಿಯಲ್ಲಿ ನಾಲ್ಕೂ ಸಲಾಯಿನ್ ಹಾಗೇ ಉಳಿದಿದ್ದವು.

"ಊರಿಗೆಲ್ಲಾ ಔಷಧ ಕೊಡತಿ, ನಿನಗ ಕುಡ್ಯಾಕ ಬರಂಗಿಲ್ಲಲ್ಲಬೇ!" ಎಂದು ತೊಡೆ ತಟ್ಟಿಕೊಂಡು ನಕ್ಕ. ಅಷ್ಟಕ್ಕೆ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಚಹಾ ತಂದ ನನ್ನ ಅತ್ತೆಯ ಕಡೆ ತಿರುಗಿ, "ಅತ್ತಿ, ನಿಮ್ಮ ಸೊಸಿ ನನಗ ಬರಬೇಕಾದಾಕಿ, ಗೊತ್ತೇನ್ರಿ?" ಎಂದು ಶುರು ಹಚ್ಚಿದ. ಕುರಿ ವಾಸನೆ, ಹಾಸಿಗೆ, ಬಲೆ, ಎಲ್ಲ. ನನ್ನ ಅತ್ತೆ ಅದನ್ನು ಕೇಳಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

ಅಷ್ಟು ವರ್ಷ ಆ ಮಾತು ನನ್ನ ತವರಿನ ಕಡೆಯೇ ಅಡ್ಡಾಡಿಕೊಂಡಿತ್ತು. ಆವತ್ತು ನಾನು ಬಾಳುವ ಮನೆಯ ಹೊಸ್ತಿಲು ದಾಟಿ ಒಳಗೆ ಬಂತು.

ನಾನು ಅಂದೆ, "ಮಾಮಾ, ಮುಂದಿನ ತಿಂಗಳ ನಿಮ್ಮ ಮನ್ಯಾಗ ತೊಟ್ಟಿಲ ಕಾರ್ಯ ಐತಲಾ, ನಿನ್ನ ತಮ್ಮನ ಕೂಸಿಂದು. ಎಲ್ಲಾರೂ ಬರತಾರ. ಅಲ್ಲೇ ಮೂರ ಆಟ ಆಡೂಣು. ನಾ ಗೆದ್ದರ ಈ ಮಾತ ಮತ್ತ ನಿನ್ನ ಬಾಯಾಗ ಬರಬಾರದು. ಎಂದಂದ್ರ ಎಂದೂ."

"ಸೋತ್ರ?"

"ಸೋತ್ರ ಎಲ್ಲಾರ ಮುಂದ ನಾನಾ ಎದ್ದ ನಿಂತ ಹೇಳತೇನಿ. ಬಲಿ ಸುದ್ದೀನೂ ಸೇರಿಸಿ."

"ಅತ್ತಿ, ನೀವ ಸಾಕ್ಷಿರಿ!" ಎಂದು ಬಾಳೆಹಣ್ಣೊಂದನ್ನು ತಾನೇ ಸುಲಿದುಕೊಂಡು ತಿಂದು ಹೋದ.

ಮರುದಿನ ಮುಂಜಾನೆ ಅತ್ತೆ ನನ್ನ ಹಾಸಿಗೆಯ ಹತ್ತಿರ ನಿಂತು, "ಈ ಚಾದರ ಒಗ್ಯಾಕ ಹಾಕೂಣೇನವಾ?" ಎಂದು ಕೇಳಿದರು. ಅವರು ಒಳ್ಳೆಯವರು. ಮಲಗಿದವಳ ಹಾಸಿಗೆ ಎಂದು ಕೇಳಿದ್ದಿರಬಹುದು. ಆದರೂ ನಾನು ಚಾದರ ಕೊಟ್ಟು, ಅವರು ಆಚೆ ಹೋದ ಮೇಲೆ ನನ್ನ ತೋಳು ಮೂಸಿ ನೋಡಿಕೊಂಡೆ. ಮೂವತ್ತೆಂಟು ವರ್ಷದ ಹೆಂಗಸು, ಸರಿಯಾಗಿ ಸ್ನಾನ ಮಾಡಿದವಳು, ತನ್ನ ಮೈಯನ್ನು ತಾನೇ ಮೂಸಿದೆ. ಅದಕ್ಕಾಗಿ ನಾನು ಅವನನ್ನು ಬಿಡುವವಳಲ್ಲ ಎಂದು ಆ ಗಳಿಗೆಯಲ್ಲಿ ತೀರ್ಮಾನವಾಯಿತು.

ದಿನಾ ಆಡಿದೆ. ನನ್ನ ಗಂಡ ಸಾಲಿಯಿಂದ ಬಂದ ಮೇಲೆ ಎದುರಾಳಿಯಾಗಿ ಕೂಡುತ್ತಿದ್ದರು. ಪ್ರತಿ ಸಲ ಒಂದೇ ಹಣೆಬರಹ: ಏಟು ಬೀಳುತ್ತದೆ, ನಾನು ಔಷಧ ಎತ್ತುತ್ತೇನೆ, ಕುಡಿಯುವಾಗ ಇನ್ನೊಂದು ಏಟು, ನಾನು ನೆಲಕ್ಕೆ. ಸಲಾಯಿನ್ ತೆಗೆದು ಟಾನಿಕ್ ಇಟ್ಟೆ. ಟಾನಿಕ್ ತೆಗೆದು ಸೂಜಿ ಇಟ್ಟೆ. ನಾಲ್ಕೂ ಸೂಜಿ ಮುಗಿದ ಮೇಲೂ ಎದುರಿನವನ ಜೀವ ಮುಕ್ಕಾಲು ಉಳಿದಿರುತ್ತಿತ್ತು. ಗಂಡ ಅಂದರು, "ನಿನ್ನ ಆಯ್ಕೀ ತಪ್ಪಲ್ಲ. ನೀ ಬ್ಯಾರೇನೋ ತಪ್ಪ ಮಾಡಾಕತ್ತಿ. ಏನಂತ ನನಗ ಹೊಳೀವಲ್ದು."

ನಾಲ್ಕನೆಯ ವಾರ ಆಯಿ ಬಂದಳು. ಎಂಬತ್ತು ದಾಟಿದ ಜೀವ, ಬೀಳಗಿಯಿಂದ ಎರಡು ಬಸ್ಸು ಬದಲಿಸಿ, ಕಾಲಿಗೆ ಹಚ್ಚಲು ಎಣ್ಣೆಯ ಬಾಟಲಿ ತಂದಿದ್ದಳು. ಪ್ಲಾಸ್ಟರು ನೋಡಿ, "ಇದರ ಮ್ಯಾಲೆ ಹೆಂಗ ಹಚ್ಚಲೇ?" ಎಂದು ಬೈದು, ಬಾಟಲಿ ಬದಿಗಿಟ್ಟು, ಗೋಡೆಗೆ ಆನಿಕೊಂಡು ಕೂತು ನನ್ನ ಆಟ ನೋಡತೊಡಗಿದಳು. ಒಂದು ತಾಸು ಸುಮ್ಮನೆ ನೋಡಿದಳು. ಆಮೇಲೆ:

"ಈ ಮನಶ್ಯಾ ಈಗೇನ ಮಾಡಾಕತ್ತಾನಬೇ?"

"ಔಷಧ ಕುಡ್ಯಾಕತ್ತಾನ, ಆಯಿ."

"ವೈರಿ ಮುಂದ ನಿಂತಾಗ?"

"ರಗತ ಹೋಗೇತಲಾ, ಕುಡೀಬೇಕು."

"ಆತು, ಕುಡೀಲಿ. ಅಂವ ಹೊಡ್ಯಾಕ ಓಡಿ ಬಂದ್ರೂ ಬಾಯಿಂದ ಕುಡಕಿ ತಗ್ಯಾಂಗಿಲ್ಲಲ್ಲ. ಕಣ್ಣ ಕಾಣಸಂಗಿಲ್ಲೇನ, ಕುಡ್ಡೇನ ಇಂವ?"

ನಾನು ಕೈ ನಿಲ್ಲಿಸಿದೆ. ಕುಡಿಯುವುದನ್ನು ಅರ್ಧಕ್ಕೆ ಬಿಟ್ಟು ಪಕ್ಕಕ್ಕೆ ಜಿಗಿಯುವ ಗುಂಡಿ ಇತ್ತು. ಮೊದಲ ದಿನವೇ ಗಂಡ ತೋರಿಸಿದ್ದರು. ಒಂದು ಸಲವೂ ನಾನು ಅದನ್ನು ಒತ್ತಿರಲಿಲ್ಲ. ಒತ್ತಬೇಕು ಎಂದು ಬೆರಳಿಗೆ ಅನ್ನಿಸಿಯೇ ಇರಲಿಲ್ಲ. ಬಾಯಿಗಿಟ್ಟದ್ದನ್ನು ಮುಗಿಸದೆ ಏಳಬಾರದು ಎಂಬುದು ನನ್ನ ಎಲುಬಿಗೆ ಇಳಿದ ಮಾತು. ತಾಟಿನಲ್ಲಿ ರೊಟ್ಟಿಯ ಚೂರು ಬಿಟ್ಟು ಎದ್ದದ್ದಕ್ಕೆ ಸಣ್ಣಾಕಿದ್ದಾಗ ಬೆನ್ನಿಗೆ ಬಿದ್ದದ್ದು ಇನ್ನೂ ನೆನಪಿದೆ. ಬಡಿದವಳು ಈಗ ಗೋಡೆಗೆ ಆನಿಕೊಂಡು ಕೂತಿದ್ದಳು.

"ತುತ್ತ ಅರ್ಧಕ್ಕ ಬಿಡಬಾರದಂತ ನೀನಾ ಕಲಿಸಿದೆಲಾ, ಆಯಿ!"

"ಅದು ಮನ್ಯಾಗ," ಅಂದಳು ಆಯಿ. "ಅಡವ್ಯಾಗ ಅಲ್ಲ."

ಆಮೇಲೆ ಆಕೆ ಹೇಳಿದ್ದನ್ನು ನಾನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೆ, ಆದರೆ ತಿಳಿದಿರಲಿಲ್ಲ. "ಕುರಿಗೆ ತ್ವಾಳ ಯಾವಾಗ ಬೀಳತೈತಿ ಗೊತ್ತೇನ? ನಾವು ಬುತ್ತಿ ಬಿಚ್ಚಿದಾಗ. ಅದು ಜಾಲಿ ಕಂಟ್ಯಾಗ ಕುಂತ ಅದನ್ನಾ ಕಾಯತಿರತೈತಿ. ಕುರಿ ಮೇಸಾವನ ಕೈ ಖಾಲಿ ಇಲ್ಲ, ಬಾಯಿ ಖಾಲಿ ಇಲ್ಲ, ಕುಂಡಿ ನೆಲಕ್ಕ ಹತ್ತೇತಿ. ಅದಕ್ಕಿಂತ ಛಲೋ ವ್ಯಾಳೆ ಯಾವುದ ಐತಿ? ಅದಕ್ಕಂತ ನಾ ಹೊಟ್ಟಿಗೆ ತಿನ್ನೂದು ನಡಕೋಂತ, ಉಡ್ಯಾಗಿಂದ ಬಾರಿಹಣ್ಣ, ಬೆಲ್ಲದ ಚೂರ. ಬುತ್ತಿ ಬಿಚ್ಚೂದು ತ್ವಾಳಿಗೆ ತೋರಸಾಕ."

ತೋಳಕ್ಕೆ ತೋರಿಸಲು! ಹೌದು. ನೆತ್ತಿಯ ಮೇಲೆ ಸೂರ್ಯ ಬಂದಾಗ ಆಯಿ ಬಯಲಲ್ಲಿ ಎಲ್ಲರಿಗೂ ಕಾಣುವ ಹಾಗೆ ಕೂತು, ಬುತ್ತಿಯ ಗಂಟು ಬಿಚ್ಚಿ, ಕಟಕ ರೊಟ್ಟಿಯನ್ನು ಕಟಕ್ಕನೆ ಸಪ್ಪಳ ಮಾಡಿ ಮುರಿಯುತ್ತಿದ್ದಳು. ಬಾಯಿಗೆ ಹಾಕುತ್ತಿರಲಿಲ್ಲ. ಕಂಬಳಿಯ ಕೆಳಗೆ ನಾಯಿ ಉಸಿರು ಹಿಡಿದು ಮಲಗಿರುತ್ತಿತ್ತು, ಬಡಿಗೆ ತೊಡೆಯ ಕೆಳಗೆ. ತೋಳ ಕಂಟಿಯಿಂದ ಹೊರಗೆ ಬಂದದ್ದೇ ರೊಟ್ಟಿ ಒಂದು ಕಡೆ, ಆಯಿ ಒಂದು ಕಡೆ. ನಾನು ಆಗ ಮಣ್ಣಿಗೆ ಬಿದ್ದ ರೊಟ್ಟಿಯನ್ನು ಎತ್ತಿ ಊದುವವಳು. ರೊಟ್ಟಿ ಹಾಳಾಯಿತಲ್ಲ ಎಂದು ಅತ್ತದ್ದೂ ಉಂಟು.

"ಯಾರ ಮ್ಯಾಲೆ ಬೇ ಇಷ್ಟ ತಯಾರಿ?" ಎಂದು ಆಯಿ ಕೇಳಿದಳು. ಸುಳ್ಳು ಹೇಳಲಿಲ್ಲ. ಮಾಮನ ಹೆಸರು ಹೇಳಿದೆ, ಪಂಥವನ್ನೂ ಹೇಳಿದೆ. ಅವನೂ ಆಕೆಯ ಮೊಮ್ಮಗನೇ. ಆಕೆ ಎಣ್ಣೆ ಬಾಟಲಿಯ ಬಿರಡೆಯನ್ನು ತಿರುಗಿಸಿ ಬಿಗಿಮಾಡಿದಳು.

"ಅಂವ ಒಲ್ಲೆ ಅಂದ ದಿನ ನಾನೂ ಅಲ್ಲೇ ಇದ್ದೆ," ಅಂದಳು. "ನನ್ನ ಕುರಿಗೆ ವಾಸನಿ ಐತಿ ಅಂದ. ನನಗೂ ಹತ್ತಿತು ಆ ಮಾತ. ಹಚ್ಚ ಆಟ. ಕುಡದಂಗ ಮಾಡು, ಕುಡೀಬ್ಯಾಡ."

ಹಚ್ಚಿದೆ. ಮತ್ತು ಆಗ ಔಷಧಗಳ ಇನ್ನೊಂದು ಗುಟ್ಟು ಕಂಡಿತು: ಪೂರಾ ಕುಡಿಯುವ ತನಕ ಸಲಾಯಿನ್ ಖರ್ಚಾಗುವುದಿಲ್ಲ. ಅರ್ಧಕ್ಕೆ ಬಿಟ್ಟು ಜಿಗಿದರೆ ಅದು ಪಟ್ಟಿಯಲ್ಲಿ ಹಾಗೇ ಇರುತ್ತದೆ. ಅಂದರೆ ಒಂದೇ ಒಂದು ಸಲಾಯಿನ್‌ನಿಂದ ಹತ್ತು ಸಲ ಬುತ್ತಿ ಬಿಚ್ಚಿ ತೋರಿಸಬಹುದು. ಮಾಮನ ಚಾಳಿ ನನಗೆ ಗೊತ್ತಿತ್ತು. ಎದುರಿನವನು ಔಷಧ ಎತ್ತಿದ್ದನ್ನು ಕಂಡರೆ ಅವನ ಕೈ ತಡೆಯುವುದಿಲ್ಲ, ನುಗ್ಗಿಬಿಡುತ್ತಾನೆ. ಪಟ್ಟಿಯನ್ನು ಹೊಸದಾಗಿ ಕಟ್ಟಿದೆ. ಬಾರಿಹಣ್ಣು ಎರಡು, ನಡೆಯುತ್ತ ತಿನ್ನಲಿಕ್ಕೆ. ಸೂಜಿ ಒಂದು, ಜೀವ ಹೋಗುವ ಹೊತ್ತಿಗೆ. ಸಲಾಯಿನ್ ಒಂದೇ ಒಂದು, ಅದು ಅವನಿಗೆ ತೋರಿಸಲಿಕ್ಕೆ.

ನಾಲ್ಕು ದಿನ ಬೆರಳು ಮಾತು ಕೇಳಲಿಲ್ಲ. ಕುಡಿಕೆ ಎತ್ತಿದರೆ ಮುಗಿಸಲೇಬೇಕು ಎಂದು ಹಟ ಹಿಡಿಯುತ್ತಿತ್ತು. ಆಯಿ ಹಿಂದಿನಿಂದ ಕುರಿ ತಿರುವುವ ದನಿಯಲ್ಲಿ "ಬಿಡ! ಬಿಡ! ಚೆಲ್ಲ ಅದನ್ನ!" ಎಂದು ಕೂಗುತ್ತಿದ್ದಳು. ಪಕ್ಕದ ಮಗ್ಗದವರು ಒಮ್ಮೆ ಮಗ್ಗ ನಿಲ್ಲಿಸಿ ಬಂದು ಬಾಗಿಲಲ್ಲಿ ಇಣುಕಿ ಹೋದರು. ಐದನೆಯ ದಿನ ನನ್ನ ಗಂಡ ಸತತ ಆರು ಸಲ ಸತ್ತರು. "ನನ್ನ ಮ್ಯಾಲೆ ಯಾಕ ಈ ಸಿಟ್ಟು?" ಎಂದು ಕೇಳಿದರು, ಪಾಪ.

ತೊಟ್ಟಿಲ ಕಾರ್ಯದ ದಿನ ಮಧ್ಯಾಹ್ನದ ಊಟ ಮುಗಿದು, ಹೋಳಿಗೆಯ ಭಾರಕ್ಕೆ ಜನ ಗೋಡೆಗೋಡೆಗೆ ಆನಿಕೊಂಡಿದ್ದರು. ಹಿಂದೆ ಹಿರಿಯರು ಕೂತಿದ್ದ ಅದೇ ಪಡಸಾಲೆ. ಮಾಮ ಆಟದ ಪೆಟ್ಟಿಗೆಯನ್ನು ಜಮಖಂಡಿಯಿಂದ ಕಾರಿನಲ್ಲಿ ತಂದು, ಎಲ್ಲರಿಗೂ ಪಂಥ ಸಾರಿ, ಟಿವಿಯನ್ನು ನಡುವೆ ಇಡಿಸಿದ್ದ. ನಾನು ಕುಂಟುತ್ತ ಹೋಗಿ ಚಾಪೆಯ ಮೇಲೆ ಕಾಲು ಚಾಚಿ ಕೂತೆ. ಸೋತರೆ ಎದ್ದು ನಿಲ್ಲಬೇಕು. ನನ್ನ ಬಾಯಿಂದಲೇ, ನನ್ನ ಅತ್ತೆಯ ಮುಂದೆ, ಗಂಡನ ಮುಂದೆ, ಆ ಹಾಸಿಗೆ, ಆ ಬಲೆ.

ಮೊದಲ ಆಟ ಸೋತೆ. ಕೈ ಬೆವರಿತ್ತು, ಸಲಾಯಿನ್ ಎತ್ತಿದವಳು ಅಂಜಿ ಹಳೆಯ ಚಾಳಿಗೆ ಬಿದ್ದು ಕುಡಿಯುತ್ತಲೇ ಹೋದೆ. ಅವನು ಕೆಡವಿದ. "ಮಾತ ಬಾಯಿಪಾಠ ಮಾಡ್ಕೊಂಡ ಬಂದೀಯಿಲ್ಲ?" ಎಂದ. ಪಡಸಾಲೆ ನಕ್ಕಿತು. ಆ ನಗು ನನ್ನ ಕೈಯ ಬೆವರನ್ನು ಒರೆಸಿತು.

ಎರಡನೆಯದು. ಒಂದು ಏಟು ತಿಂದೆ, ಹಿಂದೆ ಸರಿಯುತ್ತ ಬಾರಿಹಣ್ಣು ಬಾಯಿಗೆ ಎಸೆದುಕೊಂಡೆ. ಇನ್ನೊಂದು ಏಟು ತಿಂದೆ. ಆಮೇಲೆ ಬಯಲಿನ ನಟ್ಟನಡುವೆ, ಎಲ್ಲರಿಗೂ ಕಾಣುವ ಹಾಗೆ ನಿಂತು, ಸಲಾಯಿನ್ ಎತ್ತಿದೆ. ಅವನು ನುಗ್ಗಿದ. ನಾನು ಕುಡಿಕೆ ಬಿಟ್ಟು ಪಕ್ಕಕ್ಕೆ ಜಿಗಿದೆ. ಅವನ ಖಡ್ಗ ಗಾಳಿಯನ್ನು ಕಡಿಯಿತು, ನನ್ನದು ಅವನ ಬೆನ್ನನ್ನು. ಮತ್ತೆ ಎತ್ತಿದೆ. ಮತ್ತೆ ನುಗ್ಗಿದ. ಮೂರನೆಯ ಸಲಕ್ಕೂ ನುಗ್ಗಿದ! ತೋಳವಾದರೂ ಎರಡನೆಯ ಬಡಿಗೆಗೆ ಬುದ್ಧಿ ಕಲಿಯುತ್ತದೆ. ಇವನು ಮೂರನೆಯ ಏಟಿಗೆ ನೆಲ ಕಚ್ಚಿದ.

ಯಾರೂ ನಗಲಿಲ್ಲ. ಆಯಿ ಮಾತ್ರ ಮೂಲೆಯಿಂದ "ಹೂಂ" ಅಂದಳು.

ಮೂರನೆಯದಕ್ಕೆ ಅವನು ಮಾತಾಡದೆ ಕೂತ. ಅಂಗಿಯ ತೋಳು ಮಡಿಚಿದ. ಈಗ ಅವನಿಗೆ ಗುಟ್ಟು ತಿಳಿದಿತ್ತು. ಇಬ್ಬರೂ ಅರ್ಧರ್ಧ ಜೀವ ಕಳಕೊಂಡೆವು. ನಾನು ಸಲಾಯಿನ್ ಎತ್ತಿದೆ. ಅವನು ನುಗ್ಗಲಿಲ್ಲ, ದೂರ ನಿಂತು ನೋಡಿದ. ಬಿಟ್ಟೆ. ಮತ್ತೆ ಎತ್ತಿದೆ. ನುಗ್ಗಲಿಲ್ಲ. ಅಷ್ಟು ವರ್ಷದಲ್ಲಿ ಅವನು ನನ್ನ ಮುಂದೆ ಬಾಯಿ ಮುಚ್ಚಿ, ಏನು ಮಾಡಲಿ ಎಂದು ತಿಳಿಯದೆ ನಿಂತದ್ದು ಅದೇ ಮೊದಲು. ನನಗೆ ಅದನ್ನು ಬೇಗ ಮುಗಿಸುವ ಮನಸ್ಸಾಗಲಿಲ್ಲ. ಮೂರನೆಯ ಸಲ ಎತ್ತಿದಾಗ ನಾನು ಬಿಡಲಿಲ್ಲ, ಕುಡಿದೆ. ಒಂದು. ಎರಡು. ಮೂರು. ಗಟಗಟ ಪೂರಾ ಕುಡಿದೆ. ನನ್ನ ಜೀವದ ಪಟ್ಟಿ ತುಂಬ ಕೆಂಪಾಯಿತು. ಅವನು ನೋಡುತ್ತ ನಿಂತಿದ್ದ. ಬಂದರೆ ಹೊಡೆತ, ಬಾರದಿದ್ದರೆ ನನಗೆ ಊಟ. ಎಲ್ಲಕ್ಕಿಂತ ಮೊದಲು ನಾನು ಆರಿಸಿಕೊಂಡಿದ್ದ, ಎಲ್ಲಕ್ಕಿಂತ ನಿಧಾನದ ಆ ಔಷಧವೇ ಅವನು ಅಂಜಿದ ಮೇಲೆ ಎಲ್ಲಕ್ಕಿಂತ ಛಲೋ ಔಷಧವಾಯಿತು.

ಜೀವ ತುಂಬಿದವಳು ಬೆನ್ನು ಹತ್ತಿದೆ. ಅವನ ಸೂಜಿಗಳು ಒಂದೊಂದಾಗಿ ಮುಗಿದವು. ಕೊನೆಗೆ ಅವನ ಹತ್ತಿರ ಒಂದು ಸಲಾಯಿನ್ ಉಳಿಯಿತು. ಮೂಲೆಗೆ ಓಡಿ ಅದನ್ನು ಎತ್ತಿದ. ಒಂದು ಎಂದು ಎಣಿಸಿದೆ. ಎರಡಕ್ಕೆ ಅವನ ಕುಡಿಕೆ ಬಾಯಲ್ಲೇ ಇತ್ತು, ನನ್ನ ಖಡ್ಗ ಅವನ ಪಕ್ಕೆಯಲ್ಲಿತ್ತು. ನನ್ನ ಹತ್ತಿರ ಇನ್ನೂ ಒಂದು ಬಾರಿಹಣ್ಣು ಉಳಿದಿತ್ತು. ಬೇಕಾಗಿರಲಿಲ್ಲ. ಆದರೂ ಅವನು ಬಿದ್ದಲ್ಲೇ ನಿಂತು ಅದನ್ನು ತಿಂದೆ.

ಸಂಜೆಯ ಚಹಾದ ಹೊತ್ತಿಗೆ ಪಂಥದ ಸುದ್ದಿ ತಿಳಿಯದ ಬೀಗರೊಬ್ಬರು, "ಏನಪಾ, ಆ ಕುರಿ ಬಲಿದ ಹೇಳೋ, ನಮ್ಮ ಹುಡಿಗೇರ ಕೇಳಿಲ್ಲ" ಎಂದರು. ಮಾಮ ಕಪ್ಪಿನೊಳಗೆ ನೋಡುತ್ತ, "ಅದೇನಿಲ್ಲ ಬಿಡ್ರಿ" ಎಂದ. ಆ ಮಾತು ಬಿಟ್ಟುಹೋದ ಖಾಲಿ ಜಾಗ ಎಷ್ಟು ಚಂದ ಇತ್ತೆಂದರೆ ನಾನು ಕೂತಲ್ಲೇ ಬಾಯಿ ತೆರೆದೆ. "ಅದ ಬ್ಯಾಡ್ರಿ, ಬ್ಯಾರೆ ಕತಿ ಹೇಳತೇನಿ ಕೇಳ್ರಿ" ಎಂದು, ಅವನು ಮೂರು ಸಲ ನುಗ್ಗಿ ಮೂರು ಸಲ ಗಾಳಿ ಕಡಿದದ್ದನ್ನು ಕೈಬಾಯಿ ತಿರುಗಿಸಿ ಹೇಳಿದೆ. ಈ ಸಲ ಪಡಸಾಲೆ ನಕ್ಕದ್ದು ನನ್ನ ಕಡೆ ನಿಂತು. ನನ್ನ ಅತ್ತೆಯೂ ನಕ್ಕರು.

ಸೇಡು ತೀರಿದ ಮೇಲೆ ಹೊಟ್ಟೆ ತಣ್ಣಗಾಗುತ್ತದೆ ಎನ್ನುತ್ತಾರೆ. ನನಗೆ ಹಾಗಾಗಲಿಲ್ಲ, ಹಸಿವು ಹೆಚ್ಚಾಯಿತು. ಆಮೇಲಿನ ಮದುವೆ, ಸೀಮಂತ, ಗೃಹಪ್ರವೇಶ ಯಾವುದನ್ನೂ ಬಿಡಲಿಲ್ಲ. ಮಾಮ ಇದ್ದಲ್ಲೆಲ್ಲ ಹೇಳಿದೆ. ಒಗ್ಗರಣೆಯನ್ನೂ ಹಾಕಿದೆ: ಮೂರು ಸಲ ನುಗ್ಗಿದವನು ಐದು ಸಲ ನುಗ್ಗಿದ, ಏಳು ಸಲ ನುಗ್ಗಿದ. ಅವನು ನಗುತ್ತಿದ್ದ, ನಗದಿದ್ದರೆ ಏನಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನನ್ನ ಗಂಡ ದಾರಿಯಲ್ಲಿ, "ಇನ್ನ ಸಾಕ ಮಾಡು, ಅಂವನ ಮಾರಿ ನೋಡಾಕ ಆಗೂದಿಲ್ಲ" ಎಂದರು. "ಹದಿನಾರ ವರ್ಷ ಹೇಳ್ಯಾನ್ರಿ. ನನ್ನವು ಇನ್ನ ಎರಡೂ ಮುಗಿದಿಲ್ಲ" ಎಂದೆ.

ಹೋದ ತಿಂಗಳು ಮಾಮನ ಹೆಂಡತಿಯ ಫೋನು ಬಂತು. ಅವಳು ತಾನಾಗಿ ನನಗೆ ಫೋನು ಮಾಡಿದವಳೇ ಅಲ್ಲ.

"ಅಕ್ಕಾರ, ಒಂದ ಕೇಳಲಿ? ಆ ಆಟದಾಗ ಬಾರಿಹಣ್ಣ ಎಷ್ಟ ಇಟಗೋಬೇಕ್ರಿ?"

ನನಗೆ ನಗು ಬಂತು. "ಯಾಕ ತಂಗಿ, ನೀ ಯಾರ ಕೂಡ ಆಡಾಕಿ?"

ಅವಳು ಅಂದಳು, "ಮೊದಲ ಅವರು ನಿಮ್ಮ ಸುದ್ದಿ ಹೇಳತಿದ್ರು. ಈಗ ನೀವು ಅವರ ಸುದ್ದಿ ಹೇಳತೀರಿ. ಎಲ್ಲಾರೂ ನಗತಾರ. ನಾ ಯಾರ ಕತ್ಯಾಗೂ ಇಲ್ರಿ ಅಕ್ಕಾರ. ಅವರು ಒಲ್ಲೆ ಅಂದಾಕಿ ನೀವು. ಹೂಂ ಅಂದಾಕಿ ನಾನು. ಒಲ್ಲೆ ಅಂದಾಕಿನ್ನ ವರ್ಷಾನಗಟ್ಟಲೆ ನೆನಸಿದ್ರು. ನಾ ಅಡಗಿಮನ್ಯಾಗ ನಿಂತ ಕೇಳತಿದ್ದೆ."

ನಾನು ಔಷಧ ಕೊಡುವ ಕಿಟಕಿಯ ಹಿಂದೆ ಕೂತಿದ್ದೆ. ಆಚೆ ಜನ ಚೀಟಿ ಹಿಡಿದು ನಿಂತಿದ್ದರು. ನನ್ನದೊಂದೇ ಗಾಯ ಎಂದು ಇಷ್ಟು ದ್ವೇಷ ಸಾಕಿದವಳು ನಾನು. ಪಕ್ಕದಲ್ಲೇ ಒಬ್ಬಳು ಒಂದು ಹನಿ ಔಷಧವಿಲ್ಲದೆ ನಿಂತಿದ್ದಳು, ಮತ್ತು ಈಚೆಗೆ ಅವಳನ್ನು ಆ ಅಡುಗೆಮನೆಗೆ ಅಟ್ಟುತ್ತಿದ್ದವಳು ನಾನೇ.

"ಬಾರಿಹಣ್ಣ ಎರಡ," ಎಂದೆ. "ಸೂಜಿ ಒಂದ. ಸಲಾಯಿನ್ ಒಂದಾ ಒಂದ. ಬರ್ಕೋ." ಸರದಿಯಲ್ಲಿದ್ದವರಿಗೆ ಐದು ನಿಮಿಷ ತಡೆಯಿರಿ ಎಂದು ಕೈ ಮಾಡಿ, ಬುತ್ತಿಯ ಗುಟ್ಟನ್ನು ಅಕ್ಷರಕ್ಷರ ಹೇಳಿಕೊಟ್ಟೆ. ಮಾಮ ಕೆಲಸಕ್ಕೆ ಹೋದ ಮೇಲೆ ಅವಳು ದಿನಾ ಮಧ್ಯಾಹ್ನ ಆಡಿದಳು. ಅಡ್ಡಿ ಬಂದಲ್ಲಿ ಫೋನು ಮಾಡಿದಳು. ಅವಳ ಬೆರಳು ನನ್ನದಕ್ಕಿಂತ ಬೇಗ ಬಿಡುವುದನ್ನು ಕಲಿಯಿತು.

ಈ ಭಾನುವಾರ ಮಧ್ಯಾಹ್ನ ಮಾಮನ ಫೋನು.

"ಏನ ಕಲಿಸೀಬೇ ಇಕಿಗೆ? ಎರಡ ಸಲ ಕೆಡವ್ಯಾಳ ನನ್ನ! ಮೂರನೇದ ಅರ್ಧಕ್ಕ ನಿಲ್ಲಿಸಿ ಫೋನ್ ಹಚ್ಚೇನಿ. ಜೀವ ಇಷ್ಟಾ ಉಳದೈತಿ. ಏನ ಮಾಡ್ಲಿ, ಹೇಳ."

ಹಿಂದೆ ಅವಳು ನಗುವುದು ಕೇಳಿಸಿತು. ಇಷ್ಟು ವರ್ಷದಲ್ಲಿ ನಾನು ಅವಳ ನಗುವನ್ನೇ ಕೇಳಿರಲಿಲ್ಲ. ದೊಡ್ಡ ನಗು, ಬಾಗಿಲು ತೆಗೆದ ಹಾಗೆ.

"ಪಟ್ಟಿಯಾಗ ಏನ ಉಳದೈತಿ, ಮಾಮಾ?"

"ಒಂದ ಸಲಾಯಿನ್."

"ಮತ್ತ ಅದನ್ನ ಕುಡಿ," ಎಂದೆ. "ಗಡಬಡ ಮಾಡಬ್ಯಾಡ. ನಿಂತ, ಸಾವಕಾಶ ಕುಡಿ."